ಎಡ ಮೊಣಕಾಲಿನ ಸಾಕ್ಷಿ

ಈ ಪ್ರಸಂಗದಲ್ಲಿ ನಡೆದದ್ದು ಎಷ್ಟು, ನಡೆದಿರಬೇಕು ಅಂತ ನಾನೇ ತೀರ್ಮಾನಿಸಿಕೊಂಡದ್ದು ಎಷ್ಟು ಎಂದು ಬೇರ್ಪಡಿಸಿ ಹೇಳುವ ಧೈರ್ಯ ನನಗೀಗ ಇಲ್ಲ. ಹೋದ ವರ್ಷದವರೆಗೂ ಇತ್ತು. ನಾನು ಸಿಕಂದರಾಬಾದಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಪುರಾವೆಯಿಲ್ಲದೆ ಯಾವ ಮಾತನ್ನೂ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು, ಕಲಿತದ್ದನ್ನು ಮನೆಯೊಳಗೂ ಬಿಡದವನು. ಹಾಲು ಕೆಟ್ಟಿದೆ ಎಂದು ನನ್ನ ಹೆಂಡತಿ ಸುಮಾ ಹೇಳಿದರೆ ಮೂಸಿ ನೋಡುತ್ತೇನೆ. ಮೂಸಿದ ಮೇಲೂ, ಕಾಯಿಸಿ ನೋಡೋಣ ಎನ್ನುತ್ತೇನೆ. ಕಾಯಿಸಿ ಒಡೆದ ಮೇಲೆ ಪಾತ್ರೆ ತಿಕ್ಕುವ ಕೆಲಸ ಅವಳದು. ಜಾತಕ, ವಾಸ್ತು, ಅಡ್ಡ ಬರುವ ಬೆಕ್ಕು, ವಾಟ್ಸಾಪಿನಲ್ಲಿ ಬರುವ ಮನೆಮದ್ದು, ಎಲ್ಲವನ್ನೂ ಕಟಕಟೆಯಲ್ಲಿ ನಿಲ್ಲಿಸಿ ಸವಾಲು ಹಾಕಿದ್ದೇನೆ. ಒಬ್ಬನನ್ನು ಮಾತ್ರ ಯಾವತ್ತೂ ಕರೆದು ವಿಚಾರಿಸಿರಲಿಲ್ಲ. ಅವನು ನಾನೇ. ನನಗೆ ನೆನಪಿದೆ ಎಂದರೆ ಅದು ನಡೆದಿದೆ ಎಂದೇ ಲೆಕ್ಕ.

ನನಗೆ ಬಹಳ ಚೆನ್ನಾಗಿ ನೆನಪಿದ್ದ ಒಂದು ಸಂಗತಿ ಎಂದರೆ ಜ್ಯೋತಿಯ ಮದುವೆ. ಜ್ಯೋತಿ ನನ್ನ ಅಕ್ಕ ಶಾಂತಕ್ಕನ ದೊಡ್ಡ ಮಗಳು. ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಮುಹೂರ್ತದ ಹೊತ್ತಿಗೆ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಕಾಲಿರುವ ಹುಡುಗಿಯನ್ನು ಮೂಟೆಯ ಹಾಗೆ ಯಾಕೆ ಹೊರಬೇಕು ಎಂದು ನಾನು ಆವತ್ತು ತಕರಾರು ತೆಗೆದದ್ದು ನಿಜ. ಆದರೂ ಅಕ್ಕನ ಮುಖ ನೋಡಿ, ತತ್ವವನ್ನು ಬದಿಗಿಟ್ಟು, ಜ್ಯೋತಿಯನ್ನು ಎತ್ತಿದೆ. ಮೆಟ್ಟಿಲು ಹತ್ತುವಾಗ ಬಲ ಮೊಣಕಾಲಿನಲ್ಲಿ ಕಟಕ್ ಎಂದಿತು. ಹಲ್ಲು ಕಚ್ಚಿಕೊಂಡು ಮಂಟಪ ಮುಟ್ಟಿಸಿದೆ. ಅವತ್ತಿನಿಂದ ಆ ಕಾಲು ಮೊದಲಿನಂತಿಲ್ಲ. ಈ ಕಥೆಯನ್ನು ನಾನು ಹೇಳದ ಮದುವೆ, ನಾಮಕರಣ, ಗೃಹಪ್ರವೇಶ ನಮ್ಮ ಬಳಗದಲ್ಲಿ ಇರಲಿಕ್ಕಿಲ್ಲ. ತೋಳಿನ ಮೇಲೆ ರೇಷ್ಮೆ ಸೀರೆಯ ಜಾರು, ಮೂಗಿಗೆ ಅರಿಶಿನದ ವಾಸನೆ, ಕಿವಿಯ ಹತ್ತಿರ ಯಾರದೋ ಬಿಸಿಯುಸಿರು, ಎಲ್ಲವನ್ನೂ ವರ್ಣಿಸುತ್ತಿದ್ದೆ. ಸಂಪ್ರದಾಯಕ್ಕೆ ಬಲಿಯಾದ ವಿಚಾರವಾದಿ ಎಂದು ನನ್ನ ಬಗ್ಗೆ ನನಗೇ ಮರುಕವಿತ್ತು.

ಈಗ ಅಕ್ಕನ ಎರಡನೆಯ ಮಗಳು ಮೇಘಾಳ ಮದುವೆ ಗೊತ್ತಾಯಿತು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬ್ಯಾಂಕಿನ ಹ್ಯಾಂಡ್‌ಬಾಲ್ ತಂಡದಲ್ಲಿ ಆಡುತ್ತಾಳೆ, ನನಗಿಂತ ಎತ್ತರ. ಗಚ್ಚಿಬೌಲಿಯ ತನ್ನ ಫ್ಲ್ಯಾಟಿನಿಂದ ಅಕ್ಕ ಮೇಘಾಳನ್ನೂ ಕರೆದುಕೊಂಡು ಕಾಚಿಗೂಡದ ನಮ್ಮ ಮನೆಗೆ ಬಂದಳು. ಚಹಾ ಮುಟ್ಟಲಿಲ್ಲ.

"ಬಸ್ಯಾ, ಮೇಘಾನ್ನ ನೀನ ಎತ್ತಿಕೊಂಡು ಬರಬೇಕು. ಆಕಿಗೆ ಅಪ್ಪ ಇಲ್ಲ. ಮಾವನೂ ಇಲ್ಲ ಅನಿಸೂದು ಬ್ಯಾಡ."

"ಅಕ್ಕಾ, ನನ್ನ ಬಲ ಮೊಣಕಾಲು ನಿನಗ ಗೊತ್ತೈತಿ."

"ಗೊತ್ತೈತಿ. ಬಾಯಿಪಾಠ ಆಗೈತಿ. ಶಾಸ್ತ್ರ ಅಂದ ಕೂಡಲೇ ನೋಯ್ತೈತಿ. ಮೆಟ್ರೋದಾಗ ಸೀಟ್ ಹಿಡಿಯಾಕ ಓಡೂಮುಂದ ನೋಯಂಗಿಲ್ಲ."

"ಬಾತ್‌ರೂಮಿನ ಬಲ್ಬ್ ಹಾಕ್ರಿ ಅಂದ್ರೂ ನೋಯ್ತೈತ್ರಿ ಅಕ್ಕಾ," ಎಂದು ಸುಮಾ ಒಳಗಿನಿಂದಲೇ ಸೇರಿಸಿದಳು.

ಮೇಘಾ ನಕ್ಕಳು. "ಬಿಡ್ರಿ ಮಾಮಾ, ನಾ ನಡಕೊಂತ ಹೋಗ್ತೀನಿ. ಮದುವಿ ಮನ್ಯಾಗ ಅಂಬುಲೆನ್ಸ್ ಬ್ಯಾರೆ ಯಾಕ." ಆದರೆ ಅಕ್ಕ ನಗಲಿಲ್ಲ. ಅವಳು ಗೋಡೆಯ ಕಡೆ ತಿರುಗಿ, ಒಬ್ಬಾಕೀದಂತೂ ಹಂಗ ಆತು, ಎಂದು ಏನೋ ಗೊಣಗಿದಳು. ಅದು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗದ ಮಾತನ್ನು ಮೂಢನಂಬಿಕೆಯ ಖಾತೆಗೆ ಹಾಕುವುದು ನನ್ನ ರೂಢಿ. ನಾನು ಸುಳ್ಳು ನೆಪ ಹೇಳುತ್ತಿದ್ದೇನೆ ಎಂದು ನನ್ನ ಮನೆಯಲ್ಲೇ ನಂಬುತ್ತಾರಲ್ಲ ಎಂಬ ಸಂಕಟಕ್ಕೆ ನಾನೇ ಸವಾಲು ಎಸೆದೆ. ಸ್ಕ್ಯಾನ್ ಮಾಡಿಸೋಣ, ಯಂತ್ರ ಹೇಳಲಿ. ಕಾಲು ಕೆಟ್ಟಿದ್ದರೆ ಯಾರೂ ಇನ್ನು ಮಾತಾಡಬಾರದು. ಚೆನ್ನಾಗಿದ್ದರೆ ಮೇಘಾಳನ್ನು ಗಚ್ಚಿಬೌಲಿಯಿಂದಲೇ ಎತ್ತಿಕೊಂಡು ಬರುತ್ತೇನೆ. ಅಕ್ಕ ಒಪ್ಪಿದಳು, ಒಂದೇ ಷರತ್ತಿನ ಮೇಲೆ. ಸ್ಕ್ಯಾನಿಗೆ ತಾನೂ ಬರುವುದು.

ಎಲುಬಿನ ಡಾಕ್ಟರು ಎಕ್ಸ್-ರೇ ನೋಡಿ ಎಲುಬು ಸರಿಯಾಗಿದೆ ಎಂದರು. ಹರಿದದ್ದು ಟೆಂಡನ್ ಇರಬಹುದು, ಅಂದರೆ ಮೊಣಕಾಲ ಚಿಪ್ಪನ್ನು ಕೆಳಗಿನ ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿ. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಮಾಡಿಸಿ ಎಂದು ಬರೆದುಕೊಟ್ಟರು. ನನಗೆ ಮೊದಲ ಆಘಾತ ಅಲ್ಲೇ. ಅಲ್ಟ್ರಾಸೌಂಡ್ ಎಂದರೆ ಬಸುರಿಯರಿಗೆ ಎಂದು ತಿಳಿದಿದ್ದೆ. ಶಬ್ದದ ಅಲೆಗಳ ಬಗ್ಗೆ ಪ್ರತಿ ವರ್ಷ ಪಾಠ ಮಾಡುವವನಿಗೆ ಆ ಅಲೆಗಳು ಹೊಟ್ಟೆಯಿಂದ ಕೆಳಕ್ಕೂ ಇಳಿಯುತ್ತವೆ ಎಂದು ಹೊಳೆದಿರಲಿಲ್ಲ. ಅಕ್ಕನಿಗೆ ಸ್ಕ್ಯಾನಿನ ವಿಷಯದಲ್ಲಿ ಎರಡು ಬಸಿರಿನ ಅನುಭವ. ಬೆಳಿಗ್ಗೆಯಿಂದ ನೀರು ಕುಡಿ, ಹೊಟ್ಟೆ ತುಂಬಿರಬೇಕು, ನಡುವೆ ಎದ್ದು ಹೋಗಬಾರದು ಎಂದು ಅಪ್ಪಣೆ ಮಾಡಿದಳು. ಪುರಾವೆ ಕೇಳುವ ಹುಮ್ಮಸ್ಸು ಆ ದಿನ ಎಲ್ಲಿ ಹೋಗಿತ್ತೋ, ಕುಡಿದೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಬಸುರಿಯರ ಸಾಲಿನ ನಡುವೆ, ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ ಎಂಬ ಬೋರ್ಡಿನ ಕೆಳಗೆ, ಮೊಣಕಾಲು ಮರೆತು ಬೇರೆ ಬಾಧೆಯಲ್ಲಿ ಒದ್ದಾಡುತ್ತ ಕುಳಿತೆ. ಒಳಗೆ ಕರೆದಾಗ ಡಾಕ್ಟರಮ್ಮ ನನ್ನ ಮುಖ ನೋಡಿ, ಏನಾಯಿತು ಅಂಕಲ್ ಎಂದರು. ಹೇಳಿದೆ. ಮೊಣಕಾಲಿಗೆ ನೀರು ಬೇಕಿಲ್ಲ, ಮೊದಲು ಹೋಗಿ ಬನ್ನಿ ಎಂದರು. ಆ ಡಾಕ್ಟರಮ್ಮನ ಮೇಲೆ ನನಗೆ ಅಚಲವಾದ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ. ಅವರು ಮಾತಾಡಿದ್ದು ಹಿಂದಿ, ತೆಲುಗು ಎರಡೂ ಬೆರೆಸಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅದೂ ನನ್ನ ನೆನಪಿನದೇ.

ಮೊಣಕಾಲ ಕೆಳಗೆ ಒಂದು ದಿಂಬಿಟ್ಟು, ತಣ್ಣನೆಯ ಜೆಲ್ ಹಚ್ಚಿ, ಇಸ್ತ್ರಿಪೆಟ್ಟಿಗೆಯ ಮರಿಯಂಥ ಒಂದು ಸಾಧನವನ್ನು ಚಿಪ್ಪಿನ ಕೆಳಗೆ ಇಟ್ಟರು. ಪರದೆಯ ಮೇಲೆ ಬೂದು ಬಣ್ಣದಲ್ಲಿ ಗೆರೆಗಳು ಮೂಡಿದವು, ಮಗ್ಗದ ಮೇಲೆ ಬಿಗಿದ ನೂಲಿನ ಹಾಗೆ, ಒಂದರ ಪಕ್ಕ ಒಂದು, ನೆಟ್ಟಗೆ. ಅಕ್ಕ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

"ಕಾಲು ಮಡಚಿ. ಬಿಡಿ. ಮತ್ತೊಮ್ಮೆ," ಎಂದರು ಡಾಕ್ಟರಮ್ಮ. ನೂಲುಗಳು ನನ್ನ ಕಾಲಿನ ಜೊತೆ ಬಿಗಿದವು, ಸಡಿಲಾದವು. "ಟೆಂಡನ್ ಬಹಳ ಚೆನ್ನಾಗಿದೆ ಅಂಕಲ್."

"ಹರಿದದ್ದು?"

"ಹರಿದಿಲ್ಲ."

"ಈಗ ಇರಲಿಕ್ಕಿಲ್ಲ. ಹಿಂದೆ ಹರಿದು ಕೂಡಿಕೊಂಡಿದ್ದರೆ?"

"ಅಷ್ಟು ದೊಡ್ಡ ಪೆಟ್ಟಾಗಿದ್ದರೆ ಏನಾದರೂ ಗುರುತು ಉಳಿದಿರುತ್ತಿತ್ತು. ಇಲ್ಲಿ ಏನೂ ಇಲ್ಲ."

ನನಗೆ ಕಾಲ ಕೆಳಗಿನ ದಿಂಬು ಜಾರಿದಂತಾಯಿತು. ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಸಾಧನ ಸ್ವಲ್ಪ ಓರೆಯಾಯಿತೋ ಏನೋ, ನೂಲುಗಳ ನಡುವೆ ಒಂದು ಕಪ್ಪು ತೂತು ಬಿತ್ತು. "ಅದೋ ಮೇಡಂ, ಹರಿದಿದೆ," ಎಂದು ಅರ್ಧ ಎದ್ದು ಕುಳಿತೆ. ತನ್ನ ಟೆಂಡನ್ ಹರಿದಿದೆ ಎಂದು ಇಷ್ಟು ಸಂತೋಷಪಟ್ಟ ರೋಗಿಯನ್ನು ಅವರು ಕಂಡಿರಲಿಕ್ಕಿಲ್ಲ. ಅವರು ಕೈಯನ್ನು ನೆಟ್ಟಗೆ ಮಾಡಿದರು, ತೂತು ಹೋಯಿತು. ಓರೆ ಮಾಡಿದರು, ಬಂತು. ಮತ್ತೆ ನೆಟ್ಟಗೆ, ಹೋಯಿತು. ಅಲೆ ನೇರವಾಗಿ ಬೀಳದಿದ್ದರೆ ಗಟ್ಟಿ ಟೆಂಡನ್ ಕೂಡ ಹರಿದಂತೆ ಕಾಣುತ್ತದೆ, ಅದಕ್ಕೇ ಹಿಡಿಯುವ ಕೈ ಗೊತ್ತಿರಬೇಕು ಎಂದರು. ಬೆಳಕಿನ ಪ್ರತಿಫಲನ ಪಾಠ ಮಾಡುತ್ತ ತಲೆ ಹಣ್ಣಾದವನು ನಾನು. ಕೋನ ತಪ್ಪಿದರೆ ಇರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ ಎಂಬುದನ್ನು ನನಗೇ ನನ್ನ ಮೊಣಕಾಲಿನ ಮೇಲೆ ಬರೆದು ತೋರಿಸಿದಂತಾಯಿತು.

"ಕೇಳಿದಿ ಇಲ್ಲೋ," ಎಂದಳು ಅಕ್ಕ. ಅಷ್ಟೇ ಅಂದಳು. ಅವಳ ದನಿಯಲ್ಲಿ ಗೆದ್ದ ಖುಷಿಗಿಂತ ಬೇರೇನೋ ಇತ್ತು.

"ಹೋಲಿಸಿ ನೋಡಲು ಇನ್ನೊಂದು ಕಾಲನ್ನೂ ನೋಡುತ್ತೇವೆ," ಎಂದು ಡಾಕ್ಟರಮ್ಮ ನನ್ನ ಎಡ ಮೊಣಕಾಲಿಗೆ ಜೆಲ್ ಹಚ್ಚಿದರು. ಎಡಗಾಲಿನ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಬಲಗಾಲು ಬಿದ್ದ ಮೇಲೆ ನನ್ನನ್ನು ಹೊತ್ತು ತಿರುಗುವ ನಿಯತ್ತಿನ ಕಾಲು ಅದು. ಪರದೆಯ ಮೇಲೆ ಮತ್ತೆ ನೂಲುಗಳು ಮೂಡಿದವು. ಆದರೆ ಒಂದು ಕಡೆ ಅವು ಉಬ್ಬಿ, ಗೋಜಲಾಗಿ, ಮಗ್ಗದಲ್ಲಿ ಯಾರೋ ಹರಿದ ನೂಲನ್ನು ಅವಸರದಲ್ಲಿ ಗಂಟು ಹಾಕಿದಂತೆ ಕಾಣುತ್ತಿದ್ದವು. ಗಂಟಿನ ನಡುವೆ ಬಿಳಿಯ ಒಂದು ಚುಕ್ಕಿ. ಅವರು ಒಂದು ಗುಂಡಿ ಒತ್ತಿದರು. ಗೋಜಲಿನ ಸುತ್ತ ಕೆಂಪು ಮಿಣುಕು ಕಾಣಿಸಿಕೊಂಡಿತು. ರಕ್ತದ ಓಡಾಟ, ಈಗಲೂ ಅಲ್ಲಿ ಕಿರಿಕಿರಿ ಇದೆ ಎಂದರು. ಕೈ ಓರೆ ಮಾಡಿ, ನೆಟ್ಟಗೆ ಮಾಡಿ, ಎಷ್ಟು ಸಲ ನೋಡಿದರೂ ಗಂಟು ಹೋಗಲಿಲ್ಲ.

"ಇದಕ್ಕೆ ಯಾವಾಗ ಪೆಟ್ಟಾಯಿತು?"

"ಎಡಗಾಲಿಗೆ ಏನೂ ಆಗಿಲ್ಲ ಮೇಡಂ."

"ಆಗಿದೆ ಅಂಕಲ್. ಹಳೆಯದು. ತಾರೀಕು ನಾನು ಹೇಳಲಾರೆ, ಆದರೆ ಆಗಿದೆ. ಇದನ್ನು ಕಾಪಾಡಲು ನೀವು ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕುತ್ತ ಬಂದಿರಬಹುದು. ಅದಕ್ಕೇ ಬಲಗಾಲು ನೋಯುತ್ತಿರಬಹುದು."

ಯಾರದೋ ಕಾಲನ್ನು ತಂದು ನನಗೆ ಜೋಡಿಸಿದ್ದಾರೆ ಎಂಬಂತೆ ನಾನು ಪರದೆಯನ್ನು ನೋಡುತ್ತ ಮಲಗಿದ್ದೆ. ನನ್ನ ಚರ್ಮದ ಒಳಗೆ, ನನಗೆ ತಿಳಿಸದೆ, ಒಂದು ಅಪಘಾತ ಇಷ್ಟು ವರ್ಷ ಸಂಸಾರ ಮಾಡಿಕೊಂಡಿತ್ತು. ಆಗ ಅಕ್ಕ ನಿಧಾನವಾಗಿ, ಡಾಕ್ಟರಮ್ಮನಿಗೆ ಅರ್ಥವಾಗದ ಕನ್ನಡದಲ್ಲಿ ಹೇಳಿದಳು:

"ಕಾಚಿಗೂಡ ಸ್ಟೇಷನ್ನಿನಾಗ ಆಗಿದ್ದು ಇದು. ಬಳ್ಳಾರಿ ಅಜ್ಜೀನ್ನ ಎತ್ತಿದಾಗ."

"ಯಾವ ಅಜ್ಜಿ?"

"ಜ್ಯೋತಿ ಗಂಡನ ಅಜ್ಜಿ. ಮದುವಿ ಮುಗಿಸಿ ಬೀಗರು ಹೊಂಟಿದ್ದರು. ನಾವೆಲ್ಲಾ ಛತ್ರದಾಗ ಸಾಮಾನು ಕಟ್ಟಾಕತ್ತಿದ್ದಿವಿ, ನೀ ಒಬ್ಬನ ಕಳಿಸಾಕ ಹೋಗಿದ್ದಿ. ಅಜ್ಜಿಗೆ ಗಾಡಿ ಹತ್ತಾಕ ಆಗವಲ್ದು ಅಂತ ನೀ ಎತ್ತಿ ಒಳಗ ಇಟ್ಟಿ, ನಿನ್ನ ಮೊಣಕಾಲು ಫುಟ್‌ಬೋರ್ಡಿಗೆ ಬಡೀತು ಅಂತ ಆಮ್ಯಾಲೆ ಬೀಗರು ಹೇಳಿದರು. ನನ್ನ ಗಂಡನೂ ನನ್ನ ಹಿಂಗ ಎತ್ತಿದ್ದಿಲ್ಲ ಅಂತ ಅಜ್ಜಿ ಅಂತಿತ್ತಂತ."

"ಹಂಗಾದರ ಜ್ಯೋತಿನ್ನ?"

"ಜ್ಯೋತಿನ್ನ ನೀ ಎಲ್ಲಿ ಎತ್ತಿದ್ಯೋ ಬಸ್ಯಾ? ಮುಹೂರ್ತ ಮೀರಾಕತ್ತಿತ್ತು, ನೀ ಅಯ್ಯನವರ ಜೋಡಿ ವಾದಾ ಮಾಡ್ಕೋಂತ ನಿಂತಿದ್ದಿ. ಹುಡುಗಿ ಹಾದಿ ನೋಡಿ ನೋಡಿ, ತಾನ ನಡಕೊಂತ ಹೋಗಿ ಕುಂತಳು."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದರ ಸಾಕ್ಷಿ ಕೇಳ್ತಿದ್ದಿ. ಒಬ್ಬಾಕಿ ನಡಕೊಂತ ಹೋದಳು, ಇನ್ನೊಬ್ಬಾಕಿನ್ನರ ನೀ ಎತ್ತಿಕೊಂಡು ಬರಲಿ ಅಂತ ಇತ್ತು ನನಗ. ಅಷ್ಟ."

ಡಾಕ್ಟರಮ್ಮ ನನ್ನ ಕಾಲಿನ ಜೆಲ್ ಒರೆಸಿಕೊಳ್ಳಲು ಕಾಗದ ಕೊಟ್ಟರು. ಅದರಲ್ಲಿ ಮುಖ ಒರೆಸಿಕೊಂಡೆ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಇರಬಹುದು. ಈಗ ನಾನು ಯಾವುದನ್ನೂ ಅಲ್ಲಗಳೆಯುವ ಸ್ಥಿತಿಯಲ್ಲಿಲ್ಲ. ಆ ರೇಷ್ಮೆ, ಆ ಅರಿಶಿನದ ವಾಸನೆ, ಕಿವಿಯ ಹತ್ತಿರದ ಆ ಬಿಸಿಯುಸಿರು? ಹಿಂದಿರುಗಿ ಯೋಚಿಸಿದಾಗ ಆ ಉಸಿರಿನಲ್ಲಿ ಎಲೆ-ಅಡಿಕೆಯ ಘಾಟು ಇತ್ತು ಎಂದು ಹೊಳೆಯಿತು. ಅದು ನಿಜವಾಗಿ ನೆನಪಿಗೆ ಬಂತೋ, ಅಕ್ಕ ಹೇಳಿದ ಮೇಲೆ ನಾನು ಕಟ್ಟಿಕೊಂಡೆನೋ, ಗೊತ್ತಿಲ್ಲ. ಮದುವೆಯ ಸಿ.ಡಿ. ಅಕ್ಕನ ಕಪಾಟಿನಲ್ಲಿದೆ, ಅದನ್ನು ಓಡಿಸುವ ಯಂತ್ರ ಇಬ್ಬರ ಮನೆಯಲ್ಲೂ ಉಳಿದಿಲ್ಲ. ಜ್ಯೋತಿಗೆ ಫೋನ್ ಮಾಡಿದೆ. "ಹೌದು ಮಾಮಾ, ನಾ ನಡಕೊಂತನ ಹೋಗಿದ್ದೆ. ಅಜ್ಜೀನ್ನ ಎತ್ತಿದ್ದು ನೀವ," ಎಂದವಳು, ಮುಂದೆ ಏನೋ ಹೇಳಹೊರಟು, ನಿಮ್ಮ ಕಡೆ ಬಿಸಿಲು ಭಾಳ ಐತೇನ್ರಿ ಎಂದು ಮಾತು ತಿರುಗಿಸಿದಳು. ನಾನು ಬಿಸಿಲಿನ ಬಗ್ಗೆ ವಿವರವಾಗಿ ಉತ್ತರ ಕೊಟ್ಟೆ.

ಕಾಲಿನ ವಿಷಯದಲ್ಲಿ ಕೊನೆಗೆ ಗೆದ್ದದ್ದು ನಾನೇ. ಎಲುಬಿನ ಡಾಕ್ಟರು ವರದಿ ನೋಡಿ, ವ್ಯಾಯಾಮ ಬರೆದುಕೊಟ್ಟು, ಸದ್ಯಕ್ಕೆ ಭಾರ ಎತ್ತಲೇಬೇಡಿ ಎಂದರು. ಹಾಗೆ ಹೇಳಿದ ಕ್ಷಣದಿಂದ ನನಗೆ ಮೇಘಾಳನ್ನು ಎತ್ತಬೇಕು ಎಂಬ ಹಂಬಲ ಹತ್ತಿತು. ಎತ್ತಿದ್ದೇನೆ ಎಂದು ಊರಿಗೆಲ್ಲ ಸಾರಿದವನು ಒಬ್ಬ ಸೋದರಸೊಸೆಯನ್ನೂ ಎತ್ತಿಲ್ಲ ಎಂದರೆ ಹೇಗೆ? ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಅಕ್ಕಿಚೀಲವನ್ನು ತಬ್ಬಿ ಎತ್ತಲು ನೋಡುತ್ತಿದ್ದಾಗ ಸುಮಾ ಬಂದಳು. "ಅದು ಸೋನಾಮಸೂರಿ ರೀ, ಮೇಘಾ ಅಲ್ಲ. ಕೆಳಗಿಡ್ರಿ," ಎಂದು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಹೌಹಾರಿದಳು. ಶಾಸ್ತ್ರ ಬೇಕೆಂದು ಪಟ್ಟು ಹಿಡಿದವಳು ಈಗ ಬೇಡ ಎಂದಳು. ಬೇಡ ಎನ್ನುತ್ತಿದ್ದ ನಾನು ಬೇಕು ಎಂದೆ. ತೀರ್ಪು ಕೊಟ್ಟವಳು ಮೇಘಾ. "ನಾವಿಬ್ಬರೂ ಕೈ ಕೈ ಹಿಡಕೊಂತ ಹೋಗೂಣು ಮಾಮಾ. ಮೆಟ್ಟಿಲದಾಗ ನೀವು ನನ್ನ ಮ್ಯಾಲೆ ಭಾರ ಹಾಕ್ರಿ. ಕರಕೊಂಡು ಬಂದವರು ಮಾವ ಆದರ ಸಾಕಲ್ಲ, ಯಾರು ಯಾರನ್ನ ಎತ್ತಿದರು ಅಂತ ದೇವರೇನು ಸ್ಕ್ಯಾನ್ ಮಾಡ್ತಾನೇನ್ರಿ?"

ಮದುವೆ ನಡೆದದ್ದು ಕಾಚಿಗೂಡದ ಒಂದು ಫಂಕ್ಷನ್ ಹಾಲಿನಲ್ಲಿ. ಒಂದೇ ಕಟ್ಟಡ, ಕೆಳಗೊಂದು ಮದುವೆ, ಮೇಲೊಂದು ಮದುವೆ. ಬ್ಯಾಂಡಿನವರಿಗೇ ಯಾವುದಕ್ಕೆ ಬಾರಿಸುತ್ತಿದ್ದೇವೆ ಎಂಬುದು ಸ್ಪಷ್ಟವಿರಲಿಲ್ಲ. ಮುಂದಿನ ಸಾಲಿನಲ್ಲಿ ಬಳ್ಳಾರಿ ಅಜ್ಜಿ ಕುಳಿತಿತ್ತು, ಇಳಕಲ್ ಸೀರೆಯಲ್ಲಿ, ಬಾಯಿ ತುಂಬ ಎಲೆ-ಅಡಿಕೆಯೊಂದಿಗೆ. ನನ್ನ ಸಾಕ್ಷಿ. ಹೋಗಿ ಕಾಲಿಗೆ ಬಿದ್ದು, ಅಂದು ನಿಮ್ಮನ್ನು ಗಾಡಿಗೆ ಎತ್ತಿ ಕೂಡಿಸಿದವನು ನಾನೇ ಹೌದಲ್ಲ ಎಂದು ಕೇಳಿದೆ.

"ನೀನ ಮಾಸ್ತರ. ನಾ ಹೆಂಗ ಮರೀಲಿ," ಎಂದಿತು ಅಜ್ಜಿ. ನನ್ನ ಎದೆ ತಂಪಾಯಿತು. "ಎತ್ತಿದ್ದು ಭಾಳ ಚಲೋ ಎತ್ತಿದಿ. ಆದರ ನಮ್ಮ ಗಾಡಿ ಪ್ಲಾಟ್‌ಫಾರ್ಮಿನ ಆ ಕಡೆ ನಿಂತಿತ್ತು."

"ಅಂದರ?"

"ನೀ ಎತ್ತಿ ಇಟ್ಟಿದ್ದು ಸಿಕಂದರಾಬಾದ್ ಗಾಡ್ಯಾಗ. ಅದು ಅಲುಗಿತು, ನೀ ಹೊಂಟೇಬಿಟ್ಟಿತು ಅಂತ ನನ್ನ ಅದರಾಗ ತುರುಕಿದಿ. ನನ್ನ ಬಾಯಾಗ ಎಲಿ ಇತ್ತು. ಕೈ ಮಾಡಿ ಆ ಗಾಡಿ ತೋರಿಸಿದೆ. ನೀ ಟಾಟಾ ಮಾಡಿದಿ."

ಬೀಗರೆಲ್ಲ ಬಳ್ಳಾರಿಯ ದಾರಿಗೆಂದು ತಾವು ಹತ್ತಿದ್ದ ಗುಂತಕಲ್ ಗಾಡಿಯಿಂದ ಸಾಮಾನಿನ ಸಮೇತ ಇಳಿದರಂತೆ. ಯಾರೋ ಆಟೋ ಹಿಡಿದು ಸಿಕಂದರಾಬಾದಿಗೆ ಓಡಿ ಅಜ್ಜಿಯನ್ನು ಬೆಂಚಿನ ಮೇಲೆ ಪತ್ತೆ ಮಾಡಿದರಂತೆ. ಅಷ್ಟರಲ್ಲಿ ನಾನು ಕುಂಟುತ್ತ, ಉಪಕಾರದ ತೃಪ್ತಿಯಲ್ಲಿ, ಮನೆ ಸೇರಿದ್ದೆ. ಹೊಸ ಬೀಗತನ, ಹೆಣ್ಣಿನ ಕಡೆಯವರ ಮನಸ್ಸು ನೋಯಬಾರದು ಎಂದು ಅರ್ಧ ಕಥೆಯನ್ನಷ್ಟೇ ಅಕ್ಕನಿಗೆ ಹೇಳಿ ಉಳಿದದ್ದನ್ನು ನುಂಗಿಕೊಂಡರು. ಜ್ಯೋತಿ ಫೋನಿನಲ್ಲಿ ಬಿಸಿಲಿನ ಬಗ್ಗೆ ಯಾಕೆ ಕೇಳಿದಳು ಎಂದು ಈಗ ತಿಳಿಯಿತು. ಎರಡು ಗಾಡಿಗಳಲ್ಲಿ ಚಲಿಸುತ್ತಿರುವುದು ಯಾವುದು ಎಂದು ಹುಡುಗರಿಗೆ ಪ್ರತಿ ವರ್ಷ ಲೆಕ್ಕ ಕೊಡುವವನು ನಾನು. ಅಕ್ಕನ ಕಡೆ ನೋಡಿದೆ. ಅವಳೂ ನನ್ನಷ್ಟೇ ದಂಗಾಗಿ ಬಾಯಿ ತೆರೆದು ನಿಂತಿದ್ದಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಮದುವೆ ಮಾಡಿಸುವ ಅಯ್ಯನವರು ಮುಹೂರ್ತವಾಯಿತೆಂದು ಕೂಗಿದರು. ನಾನು ವಾದ ಮಾಡಲಿಲ್ಲ. ಮೇಘಾಳ ಕೈ ಹಿಡಿದೆ. ಎಡಗಾಲನ್ನು ಜೋಪಾನ ಮಾಡುತ್ತ, ಮೆಟ್ಟಿಲಿನಲ್ಲಿ ಅವಳ ತೋಳಿಗೆ ಜೋತುಬಿದ್ದು, ಇಬ್ಬರೂ ಮಂಟಪ ಹತ್ತಿದೆವು. ಹ್ಯಾಂಡ್‌ಬಾಲ್ ಆಡಿದ ತೋಳು. ಒಂದು ಮೆಟ್ಟಿಲನ್ನು ನಾನು ಹತ್ತಿದೆನೋ, ಅವಳೇ ನನ್ನನ್ನು ಎತ್ತಿಟ್ಟಳೋ ಹೇಳಲಾರೆ. ಅಂತರಪಟದ ಈಚೆ ಅವಳನ್ನು ನಿಲ್ಲಿಸಿ ತಿರುಗಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಈ ಸಲ ನಗುವಿಗೆ ಅಲ್ಲ ಎಂದುಕೊಂಡಿದ್ದೇನೆ. ಅಷ್ಟರಲ್ಲಿ ಬಳ್ಳಾರಿ ಅಜ್ಜಿ ಎಲೆ-ಅಡಿಕೆಯನ್ನು ಒಂದು ದವಡೆಗೆ ಸರಿಸಿ, ಹಾಲಿಗೆಲ್ಲ ಕೇಳುವಂತೆ ವಿಚಾರಿಸಿತು:

"ಮಾಸ್ತರ, ನಮ್ಮ ಮದುವಿ ಮ್ಯಾಲಿಂದೋ, ಕೆಳಗಿಂದೋ? ನೋಡಿಕೊಂಡು ಬಂದಿ ಹೌದಲ್ಲೋ?"

ಎಲ್ಲರೂ ನಕ್ಕರು. ವರನ ಮುಖ ಅಂತರಪಟದ ಆಚೆ ಇತ್ತು, ನನಗೆ ಕಾಣುತ್ತಿರಲಿಲ್ಲ. ನಾನೂ ನಕ್ಕೆ. ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಎದ್ದ ಮೇಲೆ, ಯಾರೂ ನೋಡದಂತೆ ಕುಂಟುತ್ತ ಬಾಗಿಲಿಗೆ ಹೋಗಿ, ಹೂವಿನಲ್ಲಿ ಹೆಸರು ಬರೆದ ಬೋರ್ಡಿನ ಎದುರಿಗೆ ನೇರವಾಗಿ ನಿಂತು ಓದಿದೆ. ಮೇಘಾಳ ಹೆಸರೇ ಇತ್ತು.